ಕಂಡಿದ್ದು ಮಸಿ, ಕೇಳಿದ್ದು ಪೆನ್ಸಿಲ್

ಆಗಸ್ಟ್ 14, ಗುರುವಾರ

ಮರಿಸ್ವಾಮಿ ತಾತನನ್ನು ಮಣ್ಣು ಮಾಡಿ ಎರಡು ದಿನವಾಯಿತು. ಬರೆಯಬೇಕೋ ಬೇಡವೋ ಎಂದು ಯೋಚಿಸುವುದರಲ್ಲೇ ಎರಡು ದಿನ ಹೋಯಿತು. ಎಂದಿನಂತೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ವಾರ್ಡನ್ ಮೇಡಂ ನಮ್ಮ ಡೈರಿ ತೆಗೆದು ಓದುತ್ತಿದ್ದರು. ಚಪ್ಪಲಿ ಸಪ್ಪಳ ಕೇಳಿದೊಡನೆ ಅಳಿಸಿಬಿಡಬಹುದು ಎಂದು ಆರನೇ ಕ್ಲಾಸಿನಲ್ಲಿ ಕಲಿತ ಚಟ. ಇಲ್ಲಿ ಗೊರೇಬಾಳದಲ್ಲಿ ಓದುವವರೇ ಇಲ್ಲ. ಬಸವಣ್ಣೆಮ್ಮ ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಅಕ್ಷರ ಬರುವುದಿಲ್ಲ. ಆದರೂ ರಬ್ಬರ್ ಪಕ್ಕದಲ್ಲೇ ಇದೆ.

ತಾತ ಅಂದರೆ ಅಜ್ಜಿಯ ತಮ್ಮ. ಮದುವೆಯಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅಜ್ಜಿ ತವರಿಗೆ ಬಂದು ತಮ್ಮನ ಜೊತೆಗೇ ಇದ್ದುಬಿಟ್ಟಳು. ನಾನು ಈ ಮನೆಗೆ ಬಂದು ಆರು ವಾರ ಅಷ್ಟೇ. ಸಿಂಧನೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ. ಅದಕ್ಕೂ ಮೊದಲು ನಾನು ಹಾಸ್ಟೆಲ್ ಬಿಟ್ಟರೆ ಅಪ್ಪ ಅಮ್ಮ ನೌಕರಿ ಮಾಡುವ ಕಲಬುರಗಿ, ತಾತ ಸಿಂಧನೂರು ಸುತ್ತಿನ ಮೂರು ತಾಲೂಕು ಬಿಟ್ಟರೆ ಆ ಮೂರೇ ತಾಲೂಕು. ಹದಿನೆಂಟು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಜುಲೈನಲ್ಲಿ ನಾನು ಟ್ರಂಕ್ ಸಮೇತ ಆಟೋದಿಂದ ಇಳಿದಾಗ ತಾತ ಕನ್ನಡಕ ಹಣೆಗೇರಿಸಿ ಎರಡು ನಿಮಿಷ ನನ್ನನ್ನು ನೋಡಿದರು. ಆರಾಮ ಇದ್ದೀಯಾ ಎಂದೂ ಕೇಳಲಿಲ್ಲ. ಒಳಗೆ ಹೋಗಿ ಒಂದು ಉದ್ದನೆಯ ಪುಸ್ತಕ ತಂದರು. ಅದರಲ್ಲಿ ನಮ್ಮಪ್ಪನ ಹೆಸರಿನ ಕೆಳಗೆ ನನ್ನ ಹೆಸರು ಪೆನ್ಸಿಲ್‌ನಲ್ಲಿತ್ತು. ಅದರ ಮೇಲೆ ಮಸಿ ಪೆನ್ನಿನಿಂದ ತಿದ್ದಿದರು.

"ಇಷ್ಟು ದಿನ ನೀ ಅದೀ ಅಂತ ಕೇಳಿದ್ದೆ. ಇವತ್ತು ಕಂಡೆ" ಅಂದರು.

ನಾನು "ಥ್ಯಾಂಕ್ ಯೂ ತಾತ" ಅಂದೆ. ಅದಕ್ಕೆ ಬೇರೆ ಏನನ್ನಬೇಕೋ ಇವತ್ತಿಗೂ ಗೊತ್ತಿಲ್ಲ.

ಅಂಥ ಪುಸ್ತಕ ನಲವತ್ತೊಂದು ಇವೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಮನೆಗಳ ವಂಶಾವಳಿ. ಯಾರಿಗೆ ಯಾರು ಹುಟ್ಟಿದರು, ಯಾವ ಮಗಳನ್ನು ಯಾವ ಊರಿಗೆ ಕೊಟ್ಟರು, ಎಲ್ಲ. ನಿಯಮ ಒಂದೇ. ತಾತ ಕಂಡಿದ್ದು, ಅಥವಾ ಕಂಡವರು ಎದುರಿಗೆ ಕೂತು ಹೇಳಿದ್ದು ಮಸಿಯಲ್ಲಿ. ಬರೀ ಕೇಳಿದ್ದು ಪೆನ್ಸಿಲ್‌ನಲ್ಲಿ. ಈ ಊರುಗಳ ಬಗ್ಗೆ ನಾಲ್ಕು ಪುಸ್ತಕ ಕೂಡ ಬರೆದಿದ್ದಾರೆ. ಮಾರಾಟವಾಗದ ಪ್ರತಿಗಳ ಮೇಲೆ ಅಜ್ಜಿ ಅಕ್ಕಿ ಚೀಲ ಇಟ್ಟಿದ್ದಾಳೆ, ನೆಲದ ಥಂಡಿ ತಾಗಬಾರದೆಂದು.

ಮಾತಾಡಿಸಲು ಬಂದವರೆಲ್ಲ ಒಂದು ಗಳಿಗೆ ಅತ್ತು, ಕಣ್ಣೊರೆಸಿಕೊಂಡು, ಒಂದೇ ಪ್ರಶ್ನೆ ಕೇಳುತ್ತಾರೆ: "ಏನರ ಬರದಿಟ್ಟು ಹೋಗ್ಯಾನೇನವ್ವಾ?" ನಾನು ವಿಲ್ ಇರಬೇಕು ಅಂದುಕೊಂಡಿದ್ದೆ. ವಿಲ್ ಅಲ್ಲವಂತೆ, ಭಾಷಣವಂತೆ. ಈ ಸೀಮೆಯಲ್ಲಿ ಯಾರು ಸತ್ತರೂ ನುಡಿನಮನದ ಭಾಷಣ ಬರೆದುಕೊಡುತ್ತಿದ್ದವರು ತಾತ. ಈಗ ತಾತನೇ ಸತ್ತಿದ್ದಾರೆ. ಯಾರಿಗೂ ಏನು ಮಾತಾಡಬೇಕೋ ತಿಳಿಯುತ್ತಿಲ್ಲ.

ಆಗಸ್ಟ್ 17, ಭಾನುವಾರ

ಲಿಂಗಸುಗೂರಿನಿಂದ ಚನ್ನವೀರ ಅಂಕಲ್ ಬಂದಿದ್ದರು. ಬಟ್ಟೆ ಅಂಗಡಿ ಇದೆ. ಅಲ್ಲಿಯ ಗೆಳೆಯರ ಬಳಗದ ಅಧ್ಯಕ್ಷರು. ಮುಂದಿನ ಭಾನುವಾರ ನುಡಿನಮನ ಇಟ್ಟುಕೊಂಡಿದ್ದಾರೆ.

"ಮೂವತ್ತು ವರ್ಷ ಅವರು ಬರದದ್ದು ಓದೀನವ್ವಾ. ಸ್ವಂತ ಒಂದು ಮಾತು ಬರಂಗಿಲ್ಲ ನನಗ. ತಮ್ಮದು ತಾವ ಬರದಿರಬೇಕು, ನೋಡು. ಮುಂದಾಲೋಚನಿ ಮನುಷ್ಯಾ."

"ಸಾರಿ ಅಂಕಲ್, ಐ ಡೋಂಟ್ ನೋ. ನನಗೆ ಗೊತ್ತಿಲ್ಲ."

"ಗೊತ್ತಿಲ್ಲಂದ್ರ ಹುಡುಕು. ನಾ ಕುಂದ್ರತೀನಿ."

ನಿಜವಾಗಿಯೂ ಕುಳಿತರು. ಎರಡು ಚಹಾ ಆಯಿತು, ಚುರುಮುರಿ ಆಯಿತು. ಗಂಡಸರು ಹೀಗೆ ಎದುರಿಗೆ ಕುಳಿತು ಕಾಯುತ್ತಿದ್ದರೆ ನನಗೆ ಸರಿಯಾಗಿ ಓದಿ ನೋಡಲೂ ಆಗುವುದಿಲ್ಲ. ತಾತನ ಟ್ರಂಕಿನಲ್ಲಿ 'ನುಡಿನಮನ' ಎಂದು ಬರೆದ ಫೈಲು ಸಿಕ್ಕಿತು. ಮೇಲಿನ ಹಾಳೆಯ ತಲೆಬರಹ 'ಹಿರಿಯರು'. ತೆಗೆದುಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿನಲ್ಲಿಟ್ಟುಕೊಂಡರು. ನಾನೂ ಓದಲಿಲ್ಲ, ಅವರೂ ಓದಲಿಲ್ಲ.

ಆಗಸ್ಟ್ 24, ಭಾನುವಾರ

ನನಗೆ ಜ್ವರ ಬಂದಂತಿದೆ. ಬಂದಿಲ್ಲ, ಥರ್ಮಾಮೀಟರ್ ಇಟ್ಟು ನೋಡಿದೆ.

ಲಿಂಗಸುಗೂರಿಗೆ ಮನೆಯವರ ಪರವಾಗಿ ನಾನೊಬ್ಬಳೇ ಹೋಗಿದ್ದೆ. ಚನ್ನವೀರ ಅಂಕಲ್ ಎದ್ದು ಹಾಳೆ ಬಿಚ್ಚಿದರು. ಮರಿಸ್ವಾಮಿಯವರು ಏಳು ಮಕ್ಕಳ ತುಂಬು ಸಂಸಾರ ಕಟ್ಟಿದವರು ಎಂದರು. ಎತ್ತುಗಳನ್ನು ಹೆತ್ತ ಮಕ್ಕಳಂತೆ ಸಾಕಿದವರು ಎಂದರು. ಯೌವನದಲ್ಲಿ ಅವರು ಕುಸ್ತಿಯ ಕಣಕ್ಕಿಳಿದರೆ ಎದುರಾಳಿ ಕೈಮುಗಿದು ಹೊರನಡೆಯುತ್ತಿದ್ದ ಎಂದರು.

ತಾತನ ತೂಕ ನಲವತ್ತೆರಡು ಕೆ.ಜಿ. ಎತ್ತು ಎದುರು ಬಂದರೆ ರಸ್ತೆ ದಾಟಿ ಆಚೆ ಬದಿ ಹೋಗುತ್ತಿದ್ದರು.

ಆ ಭಾಷಣ ಬರೆದದ್ದು ಜವಳಗೇರಾದ ಒಬ್ಬ ದೊಡ್ಡ ರೈತ ಸತ್ತಾಗ. ಆಮೇಲೆ ಹಾಳೆ ತಿರುವಿ ನೋಡಿದರೆ ಹಿಂದೆ ತಾರೀಖು ಸಮೇತ ಬರೆದಿತ್ತು. ಚನ್ನವೀರ ಅಂಕಲ್ ಹೆಸರೊಂದನ್ನು ಮಾತ್ರ ಬದಲಾಯಿಸಿದ್ದರು. ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಕುಸ್ತಿಯ ಮಾತು ಬಂದಾಗ ನನ್ನ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಗಿದ ಮೇಲೆ ಧೈರ್ಯ ಮಾಡಿ ಹೇಳಿದೆ, "ಅಂಕಲ್, ತಾತನಿಗೆ ಮದುವೆನೇ ಆಗಿರಲಿಲ್ಲ."

"ಗೊತ್ತೈತವ್ವಾ. ಓದೋ ಮುಂದ ನನಗೂ ಅನುಮಾನ ಬಂತು. ಆದ್ರ ಅಕ್ಷರ ನೋಡಿದ್ರ ಅವರದ. ಮರಿಸ್ವಾಮಿ ಬರದದ್ದು ಸುಳ್ಳಾಗಂಗಿಲ್ಲಲ್ಲ. ಅದಕ್ಕ ಓದಿಬಿಟ್ಟೆ."

ತಪ್ಪು ನನ್ನದು. ಹಾಳೆ ಕೊಟ್ಟವಳು ನಾನು. ಸತ್ತ ಹನ್ನೆರಡು ದಿನಕ್ಕೆ ಒಬ್ಬ ಮನುಷ್ಯನಿಗೆ ಏಳು ಮಕ್ಕಳನ್ನು ಕೊಟ್ಟೆ.

ಆಗಸ್ಟ್ 26, ಮಂಗಳವಾರ

ಪೇಪರಿನಲ್ಲಿ ಬಂದಿದೆ. ಏಳು ಮಕ್ಕಳೂ ಬಂದಿದ್ದಾರೆ, ಎತ್ತುಗಳೂ ಬಂದಿವೆ. ಪಕ್ಕದ ಮನೆಯವರು ಅಜ್ಜಿಗೆ ಓದಿ ಹೇಳಿದರಂತೆ. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅಜ್ಜಿ ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದಳು.

"ಏಳು ಮಕ್ಕಳಂತ."

"ಅಜ್ಜಿ, ಅದು ಮಿಸ್ಟೇಕ್—"

"ಏಳು ತೊಟ್ಟಿಲು ಆಗಿರಬೇಕಲ್ಲ. ಒಂದಕ್ಕರ ಕರದಾನೇನು ನನ್ನ? ಒಡಹುಟ್ಟಿದಾಕಿ ನಾ. ಬಸುರಿಗಿ ಕುಬಸ ನಾ ಒಯ್ಯಬೇಕು, ಕೂಸಿಗಿ ಬೆಳ್ಳಿ ಕಡಗ ನಾ ಇಡಬೇಕು."

ಈ ಐವತ್ತು ವರ್ಷ ತಮ್ಮ ದಿನಾಲೂ ಎದುರಿಗೇ ಕುಳಿತು ಉಂಡಿದ್ದಾನೆ, ಏಳು ಮಕ್ಕಳನ್ನು ಯಾವಾಗ ಹುಟ್ಟಿಸಬೇಕು ಎಂದು ಕೇಳಬೇಕೆನಿಸಿತು. ಅಜ್ಜಿಯ ಮುಖ ನೋಡಿದರೆ ಆಕೆಗೂ ಇದು ಸುಳ್ಳೆಂದು ಗೊತ್ತಿದೆ. ಸಿಟ್ಟು ಮಾತ್ರ ನಿಜ. ಅದು ಯಾರ ಮೇಲೆ ಎಂಬುದು ನನಗೆ ತಿಳಿಯಲಿಲ್ಲ.

ಆಗಸ್ಟ್ 31, ಭಾನುವಾರ

ಮಸ್ಕಿ. ಗಣಪತಿ ಹಬ್ಬದ ದಿನಗಳಾದ್ದರಿಂದ ಬೇರೆ ಶಾಮಿಯಾನ ಸಿಗಲಿಲ್ಲವಂತೆ. ಗಣಪತಿ ಪೆಂಡಾಲಿನಲ್ಲೇ ನುಡಿನಮನ. ಎಡಕ್ಕೆ ಗಣಪತಿ, ಬಲಕ್ಕೆ ತಾತನ ಫೋಟೋ, ಇಬ್ಬರಿಗೂ ಒಂದೇ ಸೀರಿಯಲ್ ಲೈಟು. ತಾತ ಹಸಿರು, ಕೆಂಪು, ಹಸಿರು ಆಗುತ್ತಿದ್ದರು.

ವೇದಿಕೆಯ ಮೇಲೆ ಏಳು ಕುರ್ಚಿ ಇದ್ದವು. ಬೀಜ-ಗೊಬ್ಬರದ ಅಂಗಡಿಯ ಶಿವಕಾಂತಣ್ಣ ಇಲ್ಲಿಯ ಸಭೆಯ ಯಜಮಾನರು. ಕುರ್ಚಿ ಯಾರಿಗೆ ಎಂದು ಕೇಳಿದೆ.

"ಮಕ್ಕಳಿಗೆ."

"ಅಣ್ಣಾ, ಅವರಿಗೆ ಮಕ್ಕಳಿಲ್ಲ ರೀ."

"ಲಿಂಗಸುಗೂರಿನವ್ರು ಏಳು ಅಂದಾರ, ಪೇಪರಿನ್ಯಾಗ ಬಂದೈತಿ. ನಾವು ಕಮ್ಮಿ ಮಾಡಿದ್ರ ಮಸ್ಕಿ ಮಂದಿಗಿ ಅವರ ಮ್ಯಾಲ ಪ್ರೀತಿ ಇಲ್ಲಂತ ಆಗತೈತಿ. ಅವರಿಂದ ಉಪಕಾರ ಆದ ಏಳು ಮಂದಿನ್ನ ಕರಸೀವಿ. ಮಕ್ಕಳಿದ್ದಂಗ ಅಂತ ಹೇಳ್ತೀವಿ. 'ಇದ್ದಂಗ' ಅನ್ನೂದು ಸಣ್ಣಗ ಹೇಳಿದ್ರಾತು."

ಏಳು ಮಂದಿ ಬಂದರು. ವಯಸ್ಸಿನ ಪ್ರಕಾರ ಕೂರಿಸುವ ಕೆಲಸ ನನ್ನ ತಲೆಗೆ ಬಿತ್ತು. ಎಲ್ಲರಿಗಿಂತ ಹಿರಿಯಳು ಬಳೆ ಮಾರುವ ಜೈನಾಬೀ, ಅರವತ್ತೆಂಟು. ಮೈಕಿನಲ್ಲಿ ಶಿವಕಾಂತಣ್ಣ "ಹಿರಿಯ ಮಗಳು ಜೈನಾಬೀಯವರು ಎರಡು ಮಾತಾಡ್ತಾರ" ಎಂದರು. 'ಇದ್ದಂಗ' ಎಂದದ್ದು ಯಾರಿಗೂ ಕೇಳಲಿಲ್ಲ.

ಜೈನಾಬೀ ಮೈಕು ಹಿಡಿದಳು. "ಅಪ್ಪ ಅನ್ನಾಕ ನಂದೇನೂ ತಕರಾರಿಲ್ರಿ. ಆದ್ರ ಅವ ನನಗಿಂತ ಏಳು ವರ್ಷ ದೊಡ್ಡಾವ. ಅಷ್ಟು ಸಣ್ಣಾವ ಅಪ್ಪ ಆದ್ರ ಸಾಲಿಗಿ ಯಾವಾಗ ಹೋಗಬೇಕು?"

ಈಗ ಸಭೆ ನಕ್ಕಿತು. ನಗು ನಿಲ್ಲುವವರೆಗೂ ಆಕೆ ಕಾದಳು.

"ಗಂಡಸರ ಹೆಸರು ಎಲ್ಲಾರೂ ಹೇಳ್ತಿದ್ರು ಅವನಿಗಿ. ಹೆಣ್ಣುಮಕ್ಕಳ ಹೆಸರು ಕೇಳಿದ್ರ, ಅದ್ಯಾಕ ಬರೀತಿ ಬಿಡೋ ಅಂತಿದ್ರು. ಅವಾಗ ನನ್ನ ಕಡೆ ಬರ್ತಿದ್ದ. ಬಳಿ ಇಡೋರಿಗಿ ಎಲ್ಲಾ ಕೈ ಗೊತ್ತಿರ್ತಾವಲ್ಲ. ಯಾವ ಮನಿ ಮಗಳು ಯಾವೂರಿಗಿ ಹೋದ್ಲು, ಯಾರು ಬಸುರಿ, ನಾ ಹೇಳ್ತಿದ್ದೆ, ಅವ ಬರೀತಿದ್ದ. ಅಷ್ಟ ನಮ್ಮ ಸಂಬಂಧ."

ಇಳಿದು ಬಂದವಳು ನನ್ನ ಕೈ ಹಿಡಿದು ಮಣಿಕಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಬಳಿ ಅಳತಿ ಎರಡೂಕಾಲು" ಎಂದಳು. ಆಮೇಲೆ, "ಎಲ್ಲಾರ ಪುಟ ಮಸಿ ಮಾಡಿದ. ತನ್ನ ಪುಟ ಏನು ಮಾಡ್ಯಾನ, ನೋಡೀಯೇನು?"

ನೋಡಿರಲಿಲ್ಲ.

ಸೆಪ್ಟೆಂಬರ್ 3, ಬುಧವಾರ

ಕನ್ನಡದ ಭಾರತಿ ಮೇಡಂ ಸ್ಟಾಫ್ ರೂಮಿಗೆ ಕರೆಸಿದರು. ಭಾನುವಾರ ಸಿಂಧನೂರಿನಲ್ಲಿ ದೊಡ್ಡ ನುಡಿನಮನ, ಮೂರು ತಾಲೂಕಿನವರೂ ಬರುತ್ತಾರೆ. ತಾತನ ಸ್ವಂತ ವಂಶಾವಳಿಯನ್ನು ನಾನು ಓದಬೇಕಂತೆ. ತಾತ ನಮ್ಮವರು ಎಂದು ಲಿಂಗಸುಗೂರಿನವರು ಒಂದು ಕಡೆ, ಮಸ್ಕಿಯವರು ಒಂದು ಕಡೆ ಹಟ ಹಿಡಿದಿದ್ದಾರೆ. ಅವರ ಪುಸ್ತಕದಿಂದಲೇ ಓದಿಬಿಟ್ಟರೆ ಜಗಳ ಮುಗಿಯುತ್ತದೆ ಎಂದು ಮೇಡಂ ಲೆಕ್ಕ.

ಒಂಬತ್ತನೇ ಕ್ಲಾಸಿನ ಆಗಸ್ಟ್ ಹದಿನೈದರ ಭಾಷಣ ನೆನಪಾಯಿತು. 'ರೆಸ್ಪೆಕ್ಟೆಡ್' ಎಂದೆ. ಮುಂದಿನ ಪದ ಬರಲಿಲ್ಲ. ನಾಲ್ಕು ನಿಮಿಷ ಬರಲಿಲ್ಲ. ವಾರ್ಡನ್ ಮೇಡಂ ಮೊಣಕೈ ಹಿಡಿದು ಕೆಳಗಿಳಿಸಿದರು.

ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. "ಯೆಸ್ ಮೇಡಂ" ಬಂತು.

ಸೆಪ್ಟೆಂಬರ್ 6, ಶನಿವಾರ

ನಮ್ಮ ಮನೆಯ ಪುಟ ಸಿಕ್ಕಿತು. ಮೂರನೇ ಪುಸ್ತಕ. ಅಜ್ಜಿಯ ಅಪ್ಪನ ಹೆಸರು ಮಸಿಯಲ್ಲಿದೆ. ಅವರ ಕೆಳಗೆ ಅಜ್ಜಿಯ ಹೆಸರೂ ಮಸಿಯಲ್ಲಿದೆ. ಅಜ್ಜಿಯ ಪಕ್ಕದಲ್ಲಿ 'ಮರಿಸ್ವಾಮಿ' ಪೆನ್ಸಿಲ್‌ನಲ್ಲಿದೆ. ಎಷ್ಟೋ ಸಲ ಅಳಿಸಿ ಎಷ್ಟೋ ಸಲ ಬರೆದು ಅಲ್ಲಿ ಕಾಗದ ತೆಳುವಾಗಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ: 'ಈ ಮನೆಯ ಮಗನೆಂದು ಕೇಳಿದ್ದು. ಅಕ್ಕನನ್ನು ಕೇಳಬೇಕು.'

ಅದರ ಕೆಳಗೆ ಬರೀ ವರ್ಷಗಳು. 1988 ಕೇಳಿದೆ. 1989 ಕೇಳಿದೆ. ಹೀಗೆ 2024ರವರೆಗೆ.

ಪುಸ್ತಕ ಹಿಡಿದು ಅಡುಗೆಮನೆಗೆ ಹೋದೆ. ತಾತ ಈ ಮನೆಯವರಲ್ಲವಾ, ಎಲ್ಲಿಂದ ಬಂದರು ಎಂದು ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಕೈ ನಿಂತಿತು.

"ಅವ ವರ್ಷಾ ದೀಪಾವಳಿಗಿ ಎಣ್ಣಿ ಹಚ್ಚಿಸಿಕೊಳ್ಳೋ ಮುಂದ ಕೇಳ್ತಿದ್ದ. ಅಕ್ಕಾ, ನಾ ಯಾರು ಹೇಳು, ಬರಕೋತೀನಿ ಅಂತ. ಈಗ ನೀ ಸುರು ಮಾಡಿದಿ?"

"ನೀವು ಹೇಳಿದರೆ ಅದು ಮಸಿ ಆಗತ್ತೆ, ಅಜ್ಜಿ. ಇಲ್ಲದಿದ್ದರೆ ನಾಳೆ ನಾನು ಏನು ಓದಲಿ?"

"ಏನರ ಓದು. ಏಳು ಮಕ್ಕಳು ಕೊಟ್ಟಾಕಿಗಿ ಒಬ್ಬ ಅಪ್ಪನ್ನ ಕೊಡಾಕ ಬರಂಗಿಲ್ಲೇನು?"

ಒಲೆಯ ಮೇಲಿನ ರೊಟ್ಟಿ ಸೀದಿತು. ಇಬ್ಬರೂ ಅದನ್ನೇ ತಿಂದೆವು.

ಸೆಪ್ಟೆಂಬರ್ 7, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ರಾತ್ರಿ ಚಂದ್ರಗ್ರಹಣ. ಮಧ್ಯಾಹ್ನ ಒಂದರೊಳಗೆ ಊಟ ಮುಗಿಯಬೇಕು, ಆಮೇಲೆ ವೇಧ ಹಿಡಿಯುತ್ತದೆ, ಬಡಿಸುವುದಿಲ್ಲ ಎಂದು ಅಡುಗೆಯವರ ಹುಕುಂ. "ಶಿವಭಕ್ತರಿಗಿ ಗ್ರಹಣ ಯಾತರದ್ರಿ?" ಎಂದು ಚನ್ನವೀರ ಅಂಕಲ್ ನಕ್ಕರು. ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದವರೂ ಅವರೇ. ಸಿಂಧನೂರಿನ ಸಭಾಭವನದ ತುಂಬ ಹುಗ್ಗಿಯ ವಾಸನೆ. ನಾನೂರು ಜನ ತಾತನನ್ನು ನೆನೆಯುತ್ತ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು.

ನನ್ನನ್ನು ಕರೆದಾಗ ಹನ್ನೆರಡು ಹತ್ತು. ಅಜ್ಜಿ ಮೊದಲ ಸಾಲಿನಲ್ಲಿ ಕುಳಿತಿದ್ದಳು, ಪಕ್ಕದಲ್ಲಿ ಜೈನಾಬೀ. ನಿನ್ನೆಯಿಂದ ಅಜ್ಜಿ ನನ್ನ ಜೊತೆ ಮಾತಾಡಿರಲಿಲ್ಲ.

ಮೈಕಿನ ಮುಂದೆ ನಿಂತು ಪುಸ್ತಕ ತೆರೆದೆ. ಅದೇ ಮೌನ ಬಂತು, ಒಂಬತ್ತನೇ ಕ್ಲಾಸಿನದ್ದು. ಹಿಂದಿನಿಂದ ಯಾರೋ, "ಲಗೂನ ಓದವ್ವಾ, ವೇಧ ಹಿಡಿತೈತಿ" ಎಂದರು. ಪುಟ ನೋಡಿದೆ. ಓದಲು ಅಲ್ಲಿ ಏನೂ ಇರಲಿಲ್ಲ. ಅದನ್ನೇ ಹೇಳಿದೆ.

"ಇದು ಪೆನ್ಸಿಲ್‌ನ್ಯಾಗ ಐತ್ರಿ. ಪೆನ್ಸಿಲ್‌ನ್ಯಾಗ ಇದ್ದದ್ದು ತಾತ ಯಾರಿಗೂ ಓದಿ ಹೇಳ್ತಿದ್ದಿಲ್ಲ. ಅವರು ಈ ಮನಿಗಿ ಬಂದದ್ದು ಕಂಡವ್ರು ಯಾರರ ಅದೀರೇನ್ರಿ?"

ಇಪ್ಪತ್ತು ಕೈ ಮೇಲೆದ್ದವು. ಚನ್ನವೀರ ಅಂಕಲ್ ಎದ್ದೇ ನಿಂತರು. "ಅವರ ತಾಯಿ ಲಿಂಗಸುಗೂರಿನಾಕಿ."

"ನೀವು ಕಂಡೀರೇನ್ರಿ?"

"ನಮ್ಮಪ್ಪ ಹೇಳ್ತಿದ್ದ."

"ಹಂಗಾದ್ರ ಅದು ಪೆನ್ಸಿಲ್ರಿ. ಕುಂದರ್ರಿ."

ಕುಳಿತರು. ಶಿವಕಾಂತಣ್ಣ ಎದ್ದು, ಮಸ್ಕಿ ಸಂತೆಯಲ್ಲಿ ಸಿಕ್ಕ ಕೂಸು ಎಂದರು. ಕಂಡೀರಾ ಎಂದೆ. ಅವರು ಹುಟ್ಟಿದ್ದು ಎಪ್ಪತ್ತೆಂಟರಲ್ಲಂತೆ. ಒಬ್ಬೊಬ್ಬರನ್ನೇ ಕೇಳಿದೆ, ಕಂಡಿದ್ದೋ ಕೇಳಿದ್ದೋ ಎಂದು. ಒಂದೊಂದೇ ಕೈ ಇಳಿಯಿತು. ಕೊನೆಯ ಕೈಯವರು ನೀರು ಕೇಳಲು ಎತ್ತಿದ್ದರಂತೆ.

ಆಮೇಲೆ ಅಜ್ಜಿ ಎದ್ದಳು. ಮೈಕು ಬೇಡ ಎಂದಳು.

"ನಾ ಕಂಡೀನಿ. ಕಾಲುವಿ ಅಗಿಯೋ ಕಾಲ. ನಾ ಎಂಟು ವರ್ಷದಾಕಿ, ಕಟ್ಟಿ ಮ್ಯಾಲ ಕೂತು ರೊಟ್ಟಿ ತಿನ್ನಾಕತ್ತಿದ್ದೆ. ಕಾಲುವಿ ಕ್ಯಾಂಪಿನ್ಯಾಗ ಮಣ್ಣು ಹೊರಾಕ ಬಂದ ಹೆಣ್ಣುಮಗಳೊಬ್ಬಾಕಿ ಜರ ಬಂದು ಸತ್ತಿದ್ಲು. ಯಾವೂರಾಕಿ, ಯಾರು, ಯಾರಿಗೂ ಗೊತ್ತಿದ್ದಿಲ್ಲ. ನಮ್ಮಪ್ಪ ಆಕಿ ಬುಟ್ಟ್ಯಾಗ ಆಕಿ ಕೂಸು ಕುಂದ್ರಿಸಿಕೊಂಡು ಬಂದ. ನನ್ನ ಉಡ್ಯಾಗ ಹಾಕಿ, ನಿನ್ನ ತಮ್ಮ, ಹಿಡಿ ಅಂದ. ನಾ ರೊಟ್ಟಿ ಮುಂದ ಹಿಡಿದೆ. ಅವ ರೊಟ್ಟಿ ಬಿಟ್ಟು ನನ್ನ ಕೈ ಕಚ್ಚಿದ."

ಎಡಗೈ ಮೇಲೆತ್ತಿ ಸಭೆಗೆಲ್ಲ ತೋರಿಸಿದಳು. ಮಣಿಕಟ್ಟಿನ ಕೆಳಗೆ ನಾಲ್ಕು ಚುಕ್ಕೆ. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ, ಒಲೆಯ ಸುಟ್ಟಗಾಯ ಎಂದುಕೊಂಡಿದ್ದೆ.

ಪಕ್ಕದಿಂದ ಜೈನಾಬೀ ಹೇಳಿದಳು, "ನಾನೂ ಸಾಕ್ಷಿ ಅದೀನಿ. ಈಕಿ ಚೊಚ್ಚಲ ಬಸುರಿನ ಕುಬಸಕ್ಕ ನಮ್ಮವ್ವ ಬಳಿ ಇಡಾಕ ಹೋಗಿದ್ಲು, ನಾ ಬಳಿ ಮಲಾರ ಹಿಡಕೊಂಡು ಕೂತಿದ್ದೆ. ಇದ್ಯಾರು ಕಚ್ಚಿದ್ದು ಅಂತ ಅವ್ವ ಕೇಳಿದ್ಲು. ನನ್ನ ತಮ್ಮ ಅಂದ್ಲು ಈಕಿ. ನಕ್ಕೋತ ಅಂದ್ಲು."

"ಮತ್ತ ಅವನಿಗ್ಯಾಕ ಹೇಳಲಿಲ್ಲವ್ವಾ?" ಯಾರೋ ಕೇಳಿದರು.

"ಮನಿ ಮಗ ಹೌದೋ ಅಲ್ಲೋ ಅಂತ ನಾ ಸಾಕ್ಷಿ ಹೇಳಬೇಕಂತ. ಅದೇನು ಕೋರ್ಟೇನು? ಸಿಟ್ಟು ಬರ್ತಿತ್ತು ನನಗ." ಅಜ್ಜಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಹೇಳಬೇಕಿತ್ತು."

ಸಭೆಯಲ್ಲಿ ಯಾರೂ ಗಡಿಯಾರ ನೋಡಲಿಲ್ಲ.

ತಾತನ ಮಸಿ ಪೆನ್ನು ನನ್ನ ಬ್ಯಾಗಿನಲ್ಲಿತ್ತು. ಮೇಜಿನ ಮೇಲೆ ಪುಸ್ತಕ ಇಟ್ಟು ಆ ಹೆಸರಿನ ಮೇಲೆ ತಿದ್ದಿದೆ. ಕಾಗದ ತೆಳುವಾಗಿದ್ದ ಕಡೆ ಮಸಿ ಸ್ವಲ್ಪ ಹರಡಿತು. ಅಜ್ಜಿ ವೇದಿಕೆ ಹತ್ತಿ ಬಂದಳು.

"ಆತೇನು?"

"ಆತು."

"ಒರಸಿದ್ರ ಹೋಗತೈತೇನು?"

"ಹೋಗಂಗಿಲ್ಲಬೇ."

ನಂಬಲಿಲ್ಲ. ಹೆಬ್ಬೆರಳನ್ನು ನಾಲಿಗೆಗೆ ಹಚ್ಚಿ ಹೆಸರಿನ ಮೇಲೆ ಉಜ್ಜಿದಳು. 'ಸ್ವಾಮಿ' ಬಾಲ ಬಿಟ್ಟುಕೊಂಡು ತನ್ನ ಪಕ್ಕದ 'ಬಸವಣ್ಣೆಮ್ಮ'ನ ಮೇಲೆ ಹರಿಯಿತು. ಬೆರಳು ನೀಲಿಯಾಯಿತು. ಓಟು ಹಾಕಿ ಬಂದವರಂತೆ ಆ ಬೆರಳನ್ನು ಎಲ್ಲರಿಗೂ ತೋರಿಸುತ್ತ ಕೆಳಗಿಳಿದಳು.

"ಆ ಏಳು ಮಕ್ಕಳದು?" ಚನ್ನವೀರ ಅಂಕಲ್ ಮೆಲ್ಲಗೆ ಕೇಳಿದರು.

"ಪೆನ್ಸಿಲೂ ಬ್ಯಾಡ್ರಿ ಅದಕ್ಕ."

ಊಟ ಒಂದು ಗಂಟೆ ದಾಟಿ ಬಹಳ ಹೊತ್ತು ನಡೆಯಿತು. ಗ್ರಹಣದ ನೆನಪು ಅಡುಗೆಯವರಿಗೂ ಇರಲಿಲ್ಲ. ಜನ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬರುತ್ತಿದ್ದರು. ನಮ್ಮ ಸೊಸಿ ಹೆಸರು ಪೆನ್ಸಿಲ್‌ನ್ಯಾಗ ಐತಿ, ಬಂದು ನೋಡಿ ಹೋಗು. ನಮ್ಮ ಮೊಮ್ಮಗಂದು ಬರದೇ ಇಲ್ಲ, ಯಾವಾಗ ಬರ್ತಿ? ಪಾಮನಕಲ್ಲೂರಿನ ಯಂಕಮ್ಮ ಎನ್ನುವಾಕೆ ನನ್ನಿಂದ ತಾರೀಖು ಕೊಡಿಸಿಕೊಂಡೇ ಹುಗ್ಗಿಗೆ ಕೈ ಹಾಕಿದಳು.

ಎಲ್ಲರಿಗೂ ನನಗೆ ಓದುವುದಿದೆ, ಟೆಸ್ಟ್ ಇದೆ ಎಂದೆ. ನನಗೆ ಇಂಥದ್ದೆಲ್ಲ ಆಗಿಬರುವುದಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಪಾಮನಕಲ್ಲೂರಿಗೆ ಹೋಗಿಬಂದೆ. ಮಸ್ಕಿಯಿಂದ ಬಸ್ಸು ಸಿಗಲಿಲ್ಲ, ಟಂಟಂನಲ್ಲಿ ನಿಂತೇ ಹೋದೆ. ಚಾಲಕನ ಅಜ್ಜಿಯ ಹೆಸರು ಕೇಳಿದೆ, ಅವನಿಗೆ ಗೊತ್ತಿರಲಿಲ್ಲ. ಮುಂದಿನ ವಾರ ಕೇಳಿಕೊಂಡು ಬರುತ್ತಾನಂತೆ.

ಯಂಕಮ್ಮನ ಮನೆಯ ಕೂಸಿಗೆ ಇಪ್ಪತ್ತಮೂರು ದಿನ. ಹೆಣ್ಣು. ಇನ್ನೂ ಹೆಸರಿಟ್ಟಿಲ್ಲ. ನಾನು ಹೋದಾಗ ಮಲಗಿತ್ತು. ಮಲಗಿರಲಿ, ನೋಡಿದೆನಲ್ಲ ಎಂದೆ. ಯಂಕಮ್ಮ ಒಪ್ಪಲಿಲ್ಲ. ಕಣ್ಣು ಮುಚ್ಚಿದ್ದು ನೋಡಿದ್ರ ಅರ್ಧ ನೋಡಿದಂಗ, ಆಮ್ಯಾಲ ಯಾರರ ತಕರಾರು ತಗದಾರು ಎಂದು ಅಂಗಾಲು ಕೆರೆದು ಎಬ್ಬಿಸಿದಳು. ಕೂಸು ಮನೆ ಹಾರಿಹೋಗುವಂತೆ ಅತ್ತಿತು. ಆಮೇಲೆ ಸುಮ್ಮನಾಗಿ ನನ್ನನ್ನು ನೋಡಿತು. ಎರಡು ನಿಮಿಷ ಇರಬಹುದು.

"ಕಂಡ್ಯಲ್ಲ, ಇನ್ನ ಬರಿ" ಎಂದಳು ಯಂಕಮ್ಮ.

ಹೆಸರಿಗೆ ಜಾಗ ಬಿಟ್ಟು 'ಮಗಳು' ಎಂದು ಬರೆದೆ. ಮನೆಗೆ ಬಂದರೆ ಅಜ್ಜಿ ಕಟ್ಟೆಯ ಮೇಲಿದ್ದಳು. "ಯಾರನ್ನ ನೋಡಿ ಬಂದಿ?" ಎಂದಳು. ಹೇಳಿದೆ. ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಮಸಿ ಉಗುರಿನ ಸಂದಿಯಲ್ಲಿ ಇನ್ನೂ ಇದೆ.

ನನ್ನ ಕ್ಲಾಸಿನ ಐಶ್ವರ್ಯ ಪ್ರಾಕ್ಟಿಕಲ್‌ಗೆಂದು ನನ್ನ ಪೆನ್ಸಿಲ್ ಒಯ್ದವಳು ವಾಪಸ್ ಕೊಟ್ಟಿಲ್ಲ. ಇದಿಷ್ಟನ್ನೂ ತಾತನ ಪೆನ್ನಿನಲ್ಲೇ ಬರೆದಿದ್ದೇನೆ. ನಾಳೆ ಕೇಳಬೇಕು.